ಮಧ್ಯಾಹ್ನ ಎರಡರೊಳಗೆ ಊಟ ಮುಗಿಸಪ್ಪ

ಪ್ರಸನ್ನ,

ನಿನ್ನ ಇಂಗ್ಲೆಂಡ್ ಪ್ರವಾಸದ ಪಟ್ಟಿ ನೋಡಿದೆ. ಯಾರ್ಕ್, ಚೆಸ್ಟರ್, ಬಾತ್. ಕೋಟೆಗೋಡೆ, ಚರ್ಚು, ರೋಮನ್ನರ ಕೊಳ ಎಲ್ಲಾ ಗಂಟೆ ಸಮೇತ ಬರೆದಿದ್ದೀಯ. ಊಟದ ಮುಂದೆ ಮಾತ್ರ 'ಎಲ್ಲಾದರೂ' ಅಂತ ಬಿಟ್ಟಿದ್ದೀಯ. ಒಬ್ಬನೇ ಬರುತ್ತಿದ್ದರೆ ಸುಮ್ನೆ ಇರುತ್ತಿದ್ದೆ. ಜೊತೆಗೆ ಅಪ್ಪ, ಅಮ್ಮ ಬರುತ್ತಿದ್ದಾರೆ, ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಆ 'ಎಲ್ಲಾದರೂ' ನಿನ್ನನ್ನು ಚೆನ್ನಾಗಿ ಸತಾಯಿಸುತ್ತದೆ ನೋಡು.

ಇಲ್ಲಿ ಜಾಗಕ್ಕಿಂತ ಹೊತ್ತು ಮುಖ್ಯ ಕಣೋ. ನಮ್ಮೂರ ಹೋಟೆಲಿಗೆ ಮೂರು ಗಂಟೆಗೆ ನುಗ್ಗಿದರೂ ಏನೋ ಒಂದು ಪ್ಲೇಟ್ ಮುಂದೆ ಬಂದು ಕೂರುತ್ತದೆ. ಇಲ್ಲಿನ ಎಷ್ಟೋ ಪಬ್‌ಗಳಲ್ಲಿ ಎರಡು, ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಮತ್ತೆ ಒಲೆ ಹಚ್ಚುವುದು ಸಂಜೆಗೇ. ಬಾಗಿಲು ತೆಗೆದೇ ಇರುತ್ತದೆ, ಬಿಯರ್ ಸಿಗುತ್ತದೆ, ಊಟ ಸಿಗಲ್ಲ. ನಾನು ಬಂದ ಹೊಸದರಲ್ಲಿ ಇಂಥದೇ ಒಂದು ಹಳೇ ಊರಿನ ಪಬ್‌ನಲ್ಲಿ ಎರಡೂ ನಲವತ್ತಕ್ಕೆ ಹೋಗಿ ಮೆನು ಹಿಡಿದು ಕೂತೆ. ಇಪ್ಪತ್ತು ನಿಮಿಷ ಯಾರೂ ಬರಲಿಲ್ಲ. ಕಪ್ಪಗಿದ್ದೀನಿ ಅಂತ ಹೀಗೆ ಮಾಡುತ್ತಿದ್ದಾರಾ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಪಬ್‌ನಲ್ಲಿ ನಾವೇ ಕೌಂಟರ್‌ಗೆ ಹೋಗಿ, ಟೇಬಲ್ ನಂಬರ್ ಹೇಳಿ, ದುಡ್ಡು ಕೊಟ್ಟು ಬರಬೇಕು. ಎದ್ದು ಹೋದರೆ ಕೌಂಟರ್ ಹುಡುಗಿ "ಕಿಚನ್ ಮುಚ್ಚಿತಲ್ಲ, ಲವ್" ಅಂದಳು (ನಮ್ಮಲ್ಲಿ 'ಮರಿ' ಅನ್ನೋ ಹಾಗೆ). ಒಂದು ಪೊಟ್ಟಣ ಕ್ರಿಸ್ಪ್ಸ್ (ನಮ್ಮೂರ ಆಲೂ ಚಿಪ್ಸ್) ತಿಂದು ಹೊರಬಿದ್ದೆ. ಈಗ ಹನ್ನೆರಡೂವರೆಗೆ ಎಲ್ಲಿದ್ದರೂ ಊಟಕ್ಕೆ ಕೂತುಬಿಡುತ್ತೇನೆ. ನೋಡುವುದು ಬಾಕಿ ಇದ್ದರೆ ಇರಲಿ, ಎಂಟುನೂರು ವರ್ಷ ನಿಂತ ಚರ್ಚು ಇನ್ನೊಂದು ಗಂಟೆ ಕಾಯುತ್ತದೆ.

ಯಾರ್ಕ್‌ನಲ್ಲಿ ಮೊದಲು ಚಿಪ್ಸ್ ವಿಷಯ ತಲೆಯಲ್ಲಿಟ್ಟುಕೋ. ಇಲ್ಲಿ ಚಿಪ್ಸ್ ಅಂದರೆ ಉದ್ದುದ್ದ ಹೆಚ್ಚಿ ಕರಿದ ಆಲೂಗೆಡ್ಡೆ. ಆ ಕಡೆ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗೆಡ್ಡೆಯನ್ನೂ ದನದ ಕೊಬ್ಬಿನಲ್ಲೇ ಕರಿಯುವುದು ಹಳೇ ರೂಢಿ. ಅದಕ್ಕೆ 'ಬೀಫ್ ಡ್ರಿಪ್ಪಿಂಗ್' ಅನ್ನುತ್ತಾರೆ, ಹೆಮ್ಮೆಯಿಂದ ಬೋರ್ಡೂ ಹಾಕಿರುತ್ತಾರೆ. ನನ್ನ ರೂಮ್‌ಮೇಟ್ ಶುದ್ಧ ಸಸ್ಯಾಹಾರಿ, ಒಂದೂವರೆ ವರ್ಷ 'ಬರೀ ಚಿಪ್ಸ್ ತಾನೇ' ಅಂತ ತಿಂದ. ಬೋರ್ಡ್ ಓದಿದ ದಿನ ರಾತ್ರಿ ಅವನು ಯಾರ ಜೊತೆಗೂ ಮಾತಾಡಲಿಲ್ಲ. ಅಮ್ಮನಿಗೆ ಚಿಪ್ಸ್ ಕೊಡಿಸುವ ಮುಂಚೆ "ಯಾವುದರಲ್ಲಿ ಕರಿಯುತ್ತೀರಿ" ಅಂತ ಕೇಳು. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಶಾಂಬಲ್ಸ್ ಬೀದಿಗೆ ಹೇಗೂ ಹೋಗುತ್ತೀರಿ. ಹಿಂದೆ ಅದು ಕಸಾಯಿಗಳ ಬೀದಿ. ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು ಇನ್ನೂ ಕೆಲವು ಅಂಗಡಿಗಳ ಮುಂದಿವೆ, ಮಾಂಸ ಇಡುತ್ತಿದ್ದ ಅಗಲವಾದ ಕಿಟಕಿ ಹಲಗೆಗಳೂ ಇವೆ. ಅಮ್ಮನಿಗೆ ಇದನ್ನು ಹೇಳಬೇಡ. ಆ ಬೀದಿಯಲ್ಲಿ ಫೋಟೋ ತೆಗೆದುಕೊಂಡು ಹಿಂದಿನ ಶಾಂಬಲ್ಸ್ ಮಾರ್ಕೆಟ್‌ಗೆ ನಡೆ. ಬಯಲಲ್ಲಿ ಬೆಂಚು, ಸುತ್ತ ಬೇರೆ ಬೇರೆ ದೇಶದ ತಿಂಡಿಯ ಸಣ್ಣ ಅಂಗಡಿಗಳು. ಕಣ್ಣೆದುರೇ ಮಾಡಿಕೊಡುತ್ತಾರೆ, ಏನು ಹಾಕುತ್ತಿದ್ದಾರೆ ಅಂತ ಅಮ್ಮನೇ ನೋಡಬಹುದು. ಮಳೆ ಬಂದರೆ ಮಾತ್ರ ಫಜೀತಿ.

ಬೆಟ್ಟೀಸ್ ಟೀ ರೂಮ್ ಬಗ್ಗೆ ನೀನು ಕೇಳಿದ್ದೆಯಲ್ಲ. ಸ್ವಿಟ್ಜರ್ಲೆಂಡ್‌ನಿಂದ ಬಂದ ಒಬ್ಬ ಸಿಹಿತಿಂಡಿ ಮಾಡುವವನು 1919ರಲ್ಲಿ ಹ್ಯಾರೋಗೇಟ್‌ನಲ್ಲಿ ಶುರು ಮಾಡಿದ್ದು. ಯಾರ್ಕ್‌ನದು ಆಮೇಲಿನದು. ಕ್ಯೂ ರಸ್ತೆಗೆ ಬಂದಿರುತ್ತದೆ, ರೇಟೂ ಜಾಸ್ತಿ. ಆದರೂ ಒಂದು ಸಲ ಹೋಗು. ಬೆಳಿಗ್ಗೆ ಬೇಗ ಹೋದರೆ ಕಾಯುವುದು ಕಡಿಮೆ. ಕೆಳಗಿನ ಮಹಡಿಯಲ್ಲಿ ಒಂದು ಕನ್ನಡಿ ಇದೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿಗೆ ಬರುತ್ತಿದ್ದ ವಾಯುಪಡೆಯ ಹುಡುಗರು ವಜ್ರದ ಮೊನೆಯಿಂದ ಅದರ ಮೇಲೆ ಹೆಸರು ಗೀಚಿದ್ದಾರೆ. ಹತ್ತಿರ ಹೋದರೆ ನಿನ್ನ ಮುಖದ ಮೇಲೇ ಅವರ ಹೆಸರು ಕಾಣುತ್ತದೆ. ವಾಪಸ್ ಬಂದವರು ಎಷ್ಟೋ, ಬಾರದವರು ಎಷ್ಟೋ. ನಾನು ಟೀ ಆರಿಹೋಗುವವರೆಗೂ ಅಲ್ಲೇ ನಿಂತಿದ್ದೆ.

ನಾನು ಬಹಳ ಇಷ್ಟಪಡುವ ಜಾಗ ಚೆಸ್ಟರ್‌ನಲ್ಲಿದೆ. ಕ್ಯಾಥೆಡ್ರಲ್ (ಅಲ್ಲಿನ ದೊಡ್ಡ ಚರ್ಚು) ಒಳಗಿನ ಕೆಫೆ. ಆ ಚರ್ಚು ಹಿಂದೆ ಬೆನೆಡಿಕ್ಟಿನ್ ಅನ್ನುವ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ, 1092ರಲ್ಲಿ ಶುರುವಾದದ್ದು. ಈಗಿನ ಕೆಫೆ ಅವರ ಊಟದ ಮನೆ! ಕಲ್ಲಿನ ಗೋಡೆ, ತಲೆ ಎತ್ತಿದರೆ ಎತ್ತರದ ಮರದ ಸೂರು. ಒಂದು ಗೋಡೆಯೊಳಗೇ ಕಲ್ಲಿನ ಮೆಟ್ಟಿಲು ಹತ್ತಿಹೋಗಿ ಮೇಲೊಂದು ಪುಟ್ಟ ಪೀಠ. ಸನ್ಯಾಸಿಗಳೆಲ್ಲ ಬಾಯಿ ಮುಚ್ಚಿಕೊಂಡು ಉಣ್ಣುವಾಗ ಒಬ್ಬ ಅಲ್ಲಿ ನಿಂತು ಧರ್ಮಗ್ರಂಥ ಓದುತ್ತಿದ್ದನಂತೆ. ಓದುವವನ ಹೊಟ್ಟೆ ಚುರುಗುಟ್ಟುತ್ತಿರಲಿಲ್ಲವಾ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಟ್ರೇ ಹಿಡಿದು ಸೂಪು, ಬ್ರೆಡ್ ತಗೊಂಡು ಅದರ ಎದುರಿಗೇ ಕೂತುಕೋ. ಅಪ್ಪನಿಗೂ ಹಿಡಿಸುತ್ತದೆ, ಮೊಳಕಾಲಿಗೆ ಆರಾಮು, ಟಾಯ್ಲೆಟ್ಟೂ ಹತ್ತಿರ. ದೊಡ್ಡ ಚರ್ಚುಗಳ ಊರಿಗೆ ಹೋದಾಗ ನಾನು ಮೊದಲು ಹುಡುಕುವುದೇ ಇಂಥ ಕೆಫೆ. ಪ್ರವಾಸಿಗಳ ಬೀದಿಯಷ್ಟು ಗದ್ದಲ ಇರಲ್ಲ, ಊರಿನ ಅಜ್ಜಿಯರು ಬಂದು ಕೂತಿರುತ್ತಾರೆ. ಸಂಜೆ ಮಾತ್ರ ಬೇಗ ಮುಚ್ಚುತ್ತಾರೆ.

ಬಾತ್‌ನಲ್ಲಿ ಎಲ್ಲರೂ ಸ್ಯಾಲಿ ಲನ್ ಮನೆ ಅನ್ನುವ ಹಳೇ ಟೀ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಬನ್ ಸಣ್ಣ ತಟ್ಟೆಯಷ್ಟು ಅಗಲ, ಹತ್ತಿಯಷ್ಟು ಹಗುರ. ಫ್ರಾನ್ಸ್‌ನಿಂದ ಓಡಿಬಂದ ಹುಡುಗಿಯೊಬ್ಬಳು ಮಾಡಿದ್ದು ಅನ್ನುವುದು ಕಥೆ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ದಾಲ್ಚಿನ್ನಿ ಬೆಣ್ಣೆ ಸವರಿದ್ದು ತಗೋ. ಆದರೆ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ಅಮ್ಮನಿಗೆ ಆಗಲ್ಲ. ರೋಮನ್ ಬಾತ್ಸ್, ಅಂದರೆ ನಿನ್ನ ಪಟ್ಟಿಯ ರೋಮನ್ನರ ಕೊಳ, ಅಲ್ಲಿನ ಬಿಸಿನೀರು ಕುಡಿದು ನೋಡಲು ಕೊಡುತ್ತಾರೆ. ತುಕ್ಕು ಹಿಡಿದ ಚೆಂಬಿನಲ್ಲಿ ಕಾಸಿದ ಹಾಗಿರುತ್ತದೆ, ಒಂದು ಗುಟುಕು ಸಾಕು. ಹಸಿರು ಕೊಳದ ನೀರು ಮುಟ್ಟಬೇಡಿ.

ಅಮ್ಮನ ಮಾತು ಬಂತಲ್ಲ, ಇಲ್ಲಿ 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿಯೇ. 'ವೀಗನ್' ಅಂತ ಕೇಳು, ಮೊಟ್ಟೆ ಇರಲ್ಲ. ಬೆಣ್ಣೆ ಬೇಕಾದರೆ ಆಮೇಲೆ ಬೇರೆ ತರಿಸಿಕೋ. ಯಾರ್ಕ್‌ಷೈರ್ ಪುಡ್ಡಿಂಗ್ ಹೆಸರು ಕೇಳಿ ಸಿಹಿ ಅಂದುಕೊಳ್ಳಬೇಡ, ಅದು ಮೊಟ್ಟೆ, ಹಾಲು, ಹಿಟ್ಟು ಕಲಸಿ ಕಾದ ಕೊಬ್ಬಿನಲ್ಲಿ ಬೇಯಿಸಿದ್ದು. ಎಲ್ಲೂ ಏನೂ ತೋಚದಿದ್ದರೆ ಜಾಕೆಟ್ ಪೊಟೇಟೊ. ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗೆಡ್ಡೆ ಸೀಳಿ, ಬೆಣ್ಣೆ ಹಾಕಿ, ಮೇಲೆ ಟೊಮೆಟೊ ರಸದ ಬೀನ್ಸ್ ಸುರಿದು ಕೊಡುತ್ತಾರೆ. ಚಪ್ಪೆ ಚಪ್ಪೆ, ಆದರೆ ಹೊಟ್ಟೆ ತುಂಬುತ್ತದೆ.

ನೀರಿನ ಬಾಟಲಿಗೆ ದುಡ್ಡು ಸುರಿಯಬೇಡ. ಮದ್ಯದ ಲೈಸೆನ್ಸ್ ಇರುವ ಕಡೆ ಕೇಳಿದರೆ ನಲ್ಲಿ ನೀರು ಬಿಟ್ಟಿ ಕೊಡಬೇಕು, ಕಾನೂನೇ ಇದೆ. ಕೆಫೆಯಲ್ಲಿ "ಇಲ್ಲೇ ತಿಂತೀರಾ, ತಗೊಂಡು ಹೋಗ್ತೀರಾ" ಅಂತ ಕೇಳುವುದು ಸುಮ್ನೆ ಅಲ್ಲ. ತಣ್ಣನೆಯ ಸ್ಯಾಂಡ್‌ವಿಚ್ ಅಲ್ಲೇ ಕೂತು ತಿಂದರೆ ಶೇಕಡ 20 ತೆರಿಗೆ ಬೀಳುತ್ತದೆ, ಕಟ್ಟಿಸಿಕೊಂಡು ಹೋದರೆ ಇಲ್ಲ. ಬಿಸಿಲಿದ್ದರೆ ಪಾರ್ಕಿನ ಬೆಂಚೇ ವಾಸಿ.

ಇನ್ನು ಅಮ್ಮನಿಗೆ ಹೇಳು, ಚಟ್ನಿಪುಡಿ ಎರಡು ಡಬ್ಬಿ ಜಾಸ್ತಿನೇ ತರಲಿ, ಆ ಆಲೂಗೆಡ್ಡೆ ಮೇಲೆ ಉದುರಿಸಿಕೊಳ್ಳೋಕೆ. ನನಗೂ ಒಂದು. ತುಪ್ಪ, ಪೇಡ ಮಾತ್ರ ಬೇಡ, ಹಾಲಿನ ಪದಾರ್ಥ ಒಳಗೆ ಬಿಡಲ್ಲ. ಇಲ್ಲಿ ಬೆಣ್ಣೆ ಚೆನ್ನಾಗಿ ಸಿಗುತ್ತದೆ, ನೀವು ಬರುವ ಹೊತ್ತಿಗೆ ನಾನೇ ಕಾಸಿಟ್ಟಿರುತ್ತೇನೆ. ಟ್ರೈನ್ ಬುಕ್ ಆದ ತಕ್ಷಣ ತಾರೀಕು ಕಳಿಸು.

ನಿನ್ನ,
ಲೀಡ್ಸ್‌ನ ಗೆಳೆಯ