ಮಗಳಿಗೊಂದು ಪತ್ರ: ಒಂದು ದಿನ ಕವಾಗೊಯೆಗೆ ಕೊಡು

ಪುಟ್ಟಿ,

ನೀನು ಕಳಿಸಿದ ಪ್ಲಾನ್ ನೋಡಿದೆ. ಆರು ದಿನಕ್ಕೆ ಕ್ಯೋಟೊ, ನಾರಾ, ಒಸಾಕಾ, ಹಿರೋಶಿಮಾ. ಬಣ್ಣ ಬಣ್ಣದ ಎಕ್ಸೆಲ್ ಶೀಟು ಚೆನ್ನಾಗಿದೆ. ಆದರೆ ಬೆಳಿಗ್ಗೆ 6.10ಕ್ಕೆ ರೈಲು ಅಂತ ಓದಿ ಹೇಳಿದಾಗ ನಿಮ್ಮಮ್ಮ ಮೊಣಕಾಲು ನೀವಿಕೊಂಡಳು. ಏನೂ ಅನ್ನಲಿಲ್ಲ, ಸುಮ್ನೆ ನೀವಿಕೊಂಡಳು. ನಿನಗೆ ಗೊತ್ತಲ್ಲ ಅದರ ಅರ್ಥ.

ಕ್ಯೋಟೊ ಇರಲಿ, ಎರಡು ದಿನ ಹೋಗಿ ಬರೋಣ. ಉಳಿದದ್ದು ನಿನ್ನಿಷ್ಟ. ನನ್ನದು ಒಂದೇ ಬೇಡಿಕೆ: ಒಂದು ದಿನ ಕವಾಗೊಯೆಗೆ ಕೊಡು. ನಾಲ್ಕು ವರ್ಷದಿಂದ ಟೋಕಿಯೊದಲ್ಲಿದ್ದೀಯ, ಇನ್ನೂ ಆ ಊರಿಗೆ ಹೋಗಿಲ್ಲ ಅಂದೆಯಲ್ಲ, ಆಶ್ಚರ್ಯವಾಯಿತು. ಇಕೆಬುಕುರೊ ಸ್ಟೇಷನ್ನಿನಲ್ಲಿ ತೋಬು ತೋಜೊ ಲೈನಿನ ಎಕ್ಸ್‌ಪ್ರೆಸ್ ಹತ್ತಿದರೆ ಅರ್ಧ ಗಂಟೆ ದಾರಿ. ನಾವು ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬಂದ ಹಾಗೆ.

ಅಲ್ಲೇನಿದೆ ಅಂತ ಕೇಳ್ತೀಯ. ಮಣ್ಣಿನ ಗೋಡೆ ಇದೆ. ನಗಬೇಡ, ಪೂರ್ತಿ ಓದು.

1893ರಲ್ಲಿ ಕವಾಗೊಯೆಗೆ ದೊಡ್ಡ ಬೆಂಕಿ ಬಿತ್ತು. ಊರಿನ ಮೂರನೇ ಒಂದು ಭಾಗ ಸುಟ್ಟು ಹೋಯಿತು. ಎಲ್ಲಾ ಮರದ ಮನೆಗಳು, ಇನ್ನೇನಾಗುತ್ತೆ. ಬೂದಿಯ ನಡುವೆ ನಿಂತಿದ್ದು ಕೆಲವೇ ಕಟ್ಟಡ. ಅದರಲ್ಲೊಂದು 1792ರಲ್ಲಿ ಕಟ್ಟಿದ ಓಸಾವಾ ಮನೆ. ಅದರ ಗೋಡೆ ದಪ್ಪ ಮಣ್ಣಿನದು. ಅದನ್ನು ನೋಡಿದ ವ್ಯಾಪಾರಿಗಳು ತಮ್ಮ ಅಂಗಡಿಗಳನ್ನೂ ಅದೇ ರೀತಿ ಕಟ್ಟಿಸಿದರು. ಆ ಹೊತ್ತಿಗೆ ಜಪಾನಿಗೆ ಇಟ್ಟಿಗೆ ಬಂದಿತ್ತು. ಆದರೂ ಇವರು ಮಣ್ಣನ್ನೇ ನಂಬಿದರು. ಈ ಕಟ್ಟಡಕ್ಕೆ ಕುರಾಝುಕುರಿ ಅಂತಾರೆ, ಅಂದರೆ ಉಗ್ರಾಣದ ಹಾಗೆ ಕಟ್ಟಿದ್ದು.

ಮೇಸ್ತ್ರಿಗಳ ಕೆಲಸದ ಹಿಂದೆಯೇ ಮೂವತ್ತು ವರ್ಷ ಓಡಾಡಿದವನು ನಾನು, ಅದಕ್ಕೇ ಈ ವಿಷಯ ಹಿಡಿದರೆ ಬಿಡಲ್ಲ. ಬಿದಿರಿನ ಹಂದರ ಕಟ್ಟಿ, ಹುಲ್ಲು ಬೆರೆಸಿದ ಮಣ್ಣನ್ನು ಅದರ ಮೇಲೆ ಪದರ ಪದರವಾಗಿ ಮೆತ್ತುತ್ತಾರೆ. ಒಂದು ಪದರ ಒಣಗುವ ತನಕ ಇನ್ನೊಂದು ಹಾಕುವ ಹಾಗಿಲ್ಲ. ಕೊನೆಗೆ ಮಸಿ ಬೆರೆಸಿದ ಸುಣ್ಣದ ಗಾರೆ, ಕನ್ನಡಿಯ ಹಾಗೆ ಹೊಳೆಯುವ ಕಪ್ಪು. ಕಿಟಕಿ ಬಾಗಿಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿರುತ್ತೆ, ಮುಚ್ಚಿದರೆ ಒಂದರೊಳಗೊಂದು ಕೂರುತ್ತೆ. ಬೆಂಕಿ ಬಂತು ಅಂದರೆ ಬಾಗಿಲು ಮುಚ್ಚಿ, ಉಳಿದ ಸಂದಿಗೂ ಹಸಿಮಣ್ಣು ಮೆತ್ತಿ ಓಡಿ ಹೋಗುತ್ತಿದ್ದರಂತೆ. ಅದಕ್ಕೆಂದೇ ಮಣ್ಣು ತಯಾರಾಗಿ ಇಟ್ಟುಕೊಂಡಿರುತ್ತಿದ್ದರು!

ಟೋಕಿಯೊದಲ್ಲೂ ಇಂಥ ಮನೆ ಬೇಕಾದಷ್ಟಿದ್ದವು. 1923ರ ಭೂಕಂಪ, ಆಮೇಲೆ ಯುದ್ಧದ ಬಾಂಬು, ಎರಡರಲ್ಲಿ ಅವು ಹೋದವು. ಕವಾಗೊಯೆಯ ಬೀದಿ ಉಳಿಯಿತು. 1992ರಲ್ಲಿ ಕರೆಂಟ್ ಕಂಬ ಕಿತ್ತು ವೈರ್ ನೆಲದೊಳಗೆ ಹಾಕಿದರು. 1999ರಲ್ಲಿ ಸರ್ಕಾರ ಅದನ್ನು ರಕ್ಷಿತ ಪ್ರದೇಶ ಮಾಡಿತು.

ನಿಮ್ಮಜ್ಜನ ಮಾಳಿಗೆ ಮನೆ ನಿನಗೆ ನೆನಪಿದೆಯಾ? ಗೋಡೆಯ ಗೂಡಿನಲ್ಲಿ ನೀನು ಗೊಂಬೆ ಮಲಗಿಸುತ್ತಿದ್ದೆ. ಒಂದೂವರೆ ಮೊಳ ದಪ್ಪದ ಗೋಡೆ ಅದು. ಮಣ್ಣು ತುಳಿಯುವಾಗ ಹುಲ್ಲು ಹಾಕಿ ವಾರಗಟ್ಟಲೆ ಕೊಳೆಸಿದ್ದನ್ನು ಅಜ್ಜ ಹೇಳುತ್ತಿದ್ದರು. ಜಪಾನಿನವರೂ ಹಾಗೇ ಕೊಳೆಸುತ್ತಾರೆ ಅಂತ ಮೊನ್ನೆ ಓದಿದೆ. ಓದಿ ಪುಸ್ತಕ ಮುಚ್ಚಿಟ್ಟೆ. 2009ರಲ್ಲಿ ಜೆಸಿಬಿ ಕರೆಸಿ ಅರ್ಧ ದಿನದಲ್ಲಿ ಆ ಮನೆ ಕೆಡವಿಸಿದವನು ನಾನೇ ಅಲ್ವಾ. ಈಗಿನ ಸಿಮೆಂಟ್ ಮನೆಯಲ್ಲಿ ಏಪ್ರಿಲ್ ತಿಂಗಳು ಹೇಗಿರುತ್ತೆ ಅಂತ ನಿನಗೆ ಹೇಳಬೇಕಿಲ್ಲ.

ಸರಿ, ಆ ದಿನದ ಪ್ಲಾನ್. ಶನಿವಾರ ಭಾನುವಾರ ಬೇಡ, ಜನ ಜಾಸ್ತಿ. ಅಂಗಡಿ ಬೀದಿಯಲ್ಲಿ ಫುಟ್‌ಪಾತ್ ಕಿರಿದು, ನಡುವೆ ಬಸ್ಸು ಕಾರು ಓಡುತ್ತಲೇ ಇರುತ್ತೆ. ಅಮ್ಮನ ಕೈ ನೀನು ಹಿಡ್ಕೋ. ಎಕ್ಸೆಲ್ ಶೀಟು ಮಾತ್ರ ಬೇಡ.

ಬೆಳಿಗ್ಗೆ ಮೊದಲು ಕಿತಾಇನ್ ದೇವಸ್ಥಾನ. 1638ರಲ್ಲಿ ಅದು ಸುಟ್ಟು ಹೋದಾಗ ಆಗ ದೇಶ ಆಳುತ್ತಿದ್ದ ಶೋಗನ್ ಇಎಮಿತ್ಸು ಎದೊ (ಅಂದರೆ ಹಳೆಯ ಟೋಕಿಯೊ) ಕೋಟೆಯೊಳಗಿನ ಕೋಣೆಗಳನ್ನೇ ಬಿಚ್ಚಿಸಿ ಇಲ್ಲಿಗೆ ಕಳಿಸಿದ. ಅವನು ಹುಟ್ಟಿದ ಕೋಣೆಯೂ ಅದರಲ್ಲಿದೆ ಅಂತಾರೆ. 1657ರಲ್ಲಿ ಎದೊ ಹೊತ್ತಿ ಉರಿದು ಕೋಟೆಯ ದೊಡ್ಡ ಗೋಪುರವೇ ಹೋಯಿತು. ಕಳಿಸಿಕೊಟ್ಟ ಕೋಣೆಗಳು ಮಾತ್ರ ಇಲ್ಲಿ ಬದುಕಿವೆ. ಒಂದು ಮನೆಯನ್ನು ಬಿಚ್ಚಿ ಹೊತ್ತೊಯ್ಯಬಹುದು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಅದರ ಅಂಗಳದಲ್ಲಿ 538 ಅರ್ಹಂತರ, ಅಂದರೆ ಬುದ್ಧನ ಶಿಷ್ಯರ, ಕಲ್ಲಿನ ಮೂರ್ತಿಗಳಿವೆ. ಒಬ್ಬ ನಗುತ್ತಾನೆ, ಒಬ್ಬ ತಲೆ ಕೆರೆದುಕೊಳ್ಳುತ್ತಾನೆ, ಇಬ್ಬರು ಗುಟ್ಟು ಮಾತಾಡುತ್ತಾರೆ. ರಾತ್ರಿ ಕತ್ತಲಲ್ಲಿ ಒಂದೊಂದರ ತಲೆ ಸವರುತ್ತಾ ಹೋದರೆ ಒಂದು ಮಾತ್ರ ಬೆಚ್ಚಗಿರುತ್ತಂತೆ. ಗುರುತು ಹಾಕಿ ಬೆಳಿಗ್ಗೆ ನೋಡಿದರೆ ಅದು ತೀರಿಕೊಂಡ ಅಪ್ಪನದೋ ಅಮ್ಮನದೋ ಮುಖವಂತೆ. ನಾವು ಹೋಗುವುದು ಹಗಲಿನಲ್ಲಿ. ಆದರೂ ಅಲ್ಲಿ ನನ್ನನ್ನು ಒಂದು ಗಂಟೆ ಬಿಟ್ಟುಬಿಡಿ, ಅವಸರ ಮಾಡಬೇಡಿ.

ಮಧ್ಯಾಹ್ನ ಕಪ್ಪು ಗೋಡೆಗಳ ಬೀದಿ. ಮೂರು ಗಂಟೆಗೆ ಗಂಟೆ ಗೋಪುರದ ಕೆಳಗೆ ನಿಂತಿರಬೇಕು. ತೊಕಿ ನೊ ಕಾನೆ ಅದರ ಹೆಸರು. ಈಗಿರುವ ಗೋಪುರ 1893ರ ಬೆಂಕಿಯ ಮರುವರ್ಷವೇ ಕಟ್ಟಿದ್ದು. ವ್ಯಾಪಾರಿಗಳು ತಮ್ಮ ಅಂಗಡಿ ಎದ್ದು ನಿಲ್ಲುವ ಮೊದಲೇ ಗಂಟೆ ಬೇಕು ಅಂದರಂತೆ. ದಿನಕ್ಕೆ ನಾಲ್ಕು ಸಲ ಹೊಡೆಯುತ್ತೆ: 6, 12, 3, ಮತ್ತೆ ಸಂಜೆ 6. ಪಕ್ಕದಲ್ಲೇ ಮಿಠಾಯಿ ಗಲ್ಲಿ. ಭೂಕಂಪದಲ್ಲಿ ಟೋಕಿಯೊದ ಮಿಠಾಯಿ ಅಂಗಡಿಗಳು ನೆಲಕಚ್ಚಿದಾಗ ಇವರು ಅಲ್ಲಿಗೆಲ್ಲ ಮಾಡಿ ಕಳಿಸಿದರಂತೆ. ಮಿಠಾಯಿ ವಿಷಯದಲ್ಲಿ ನನಗೆ ಹೆಚ್ಚು ಆಸಕ್ತಿ ಇಲ್ಲ, ನಿಮ್ಮಮ್ಮನಿಗೆ ಇದೆ.

ಊಟದ್ದೇ ಚಿಂತೆ. ಸೋಬಾ, ಉದೋನ್ ಅಂತ ಶ್ಯಾವಿಗೆಗೆ ತರಕಾರಿ ಹಾಕಿ ಕೊಟ್ಟರೂ ಸಾರಿನಲ್ಲಿ ಮೀನಿರುತ್ತೆ ಅಂತ ನೀನೇ ಹೇಳಿದ್ದೆ. ಪುಣ್ಯಕ್ಕೆ ಕವಾಗೊಯೆ ಗೆಣಸಿನ ಊರು. ಸುಟ್ಟ ಗೆಣಸು, ಗೆಣಸಿನ ಚಿಪ್ಸ್, ಗೆಣಸಿನ ಐಸ್‌ಕ್ರೀಮ್ ಕೂಡ. ಹಳೆಯ ಕಾಲದಿಂದ ಒಂದು ಜಾಹೀರಾತಿನ ಮಾತಿದೆ: 'ಕುರಿ ಯೊರಿ ಉಮಾಯ್ ಜೂಸಾನ್‌ರಿ'. ಕುರಿ ಅಂದರೆ ನಮ್ಮ ಕುರಿಯಲ್ಲ, ಚೆಸ್ಟ್‌ನಟ್. ಚೆಸ್ಟ್‌ನಟ್‌ಗಿಂತ ರುಚಿ ಅಂತ ಅರ್ಥ. 'ರಿ' ದೂರದ ಅಳತೆಯೂ ಹೌದು. ಕು ಅಂದರೆ ಒಂಬತ್ತು, ಯೊ ಅಂದರೆ ನಾಲ್ಕು, ಕೂಡಿಸಿದರೆ ಹದಿಮೂರು ರಿ, ಅದೇ ಜೂಸಾನ್‌ರಿ. ಎದೊದಿಂದ ಕವಾಗೊಯೆಗೆ ಸುಮಾರು ಅಷ್ಟೇ ದೂರ ಅಂತಾರೆ. ಇದನ್ನು ನಿಮ್ಮಮ್ಮನಿಗೆ ವಿವರಿಸಿ ಹೇಳಿದೆ. 'ಗೆಣಸಿಗೆ ಇಷ್ಟೊಂದು ಲೆಕ್ಕವೇ' ಅಂದಳು.

ಅವಲಕ್ಕಿ, ಚಟ್ನಿಪುಡಿ ಕಟ್ಟುವುದು ಆಗಲೇ ಶುರುವಾಗಿದೆ. ಇನ್ನೊಂದು ವಿಷಯ. ಕಿತಾಇನ್ ಒಳಗೆ ಶೂ ಬಿಚ್ಚಿ ನಡೆಯಬೇಕಂತೆ. ನವೆಂಬರಿನಲ್ಲಿ ಆ ಮರದ ನೆಲ ತಣ್ಣಗೆ ಕೊರೆಯುತ್ತಾ? ಅಮ್ಮನಿಗೆ ಉಣ್ಣೆ ಸಾಕ್ಸ್ ಇಲ್ಲಿಂದಲೇ ತರಲಾ, ಅಲ್ಲೇ ಕೊಡಿಸ್ತೀಯಾ? ಶುಕ್ರವಾರದೊಳಗೆ ಹೇಳು, ಪೇಟೆಗೆ ಹೋಗುವವನಿದ್ದೇನೆ.

ಅಪ್ಪ