ಸುಟ್ಟ ನೆಲದಲ್ಲಿ ಕೆಂಪು ದಾಸವಾಳ

ಗೆಳೆಯಾ,

ಹೋದ ವಾರ ನಾನು ಕಳಿಸಿದ ಹೂವಿನ ಫೋಟೋ ನೋಡಿ "ದಾಸವಾಳ ಅಲ್ವಾ?" ಎಂದು ನೀನು ಕೇಳಿದ್ದೆ. ಹೌದು, ದಾಸವಾಳವೇ. ಯಾವ ದಾಸವಾಳ ಎಂದು ಗೊತ್ತಾಗಲು ನನಗೆ ನಾಲ್ಕು ದಿನ ಬೇಕಾಯಿತು.

ಜಾಂಬಿಯಾದಲ್ಲಿ ಸೆಪ್ಟೆಂಬರ್ ಅಂದರೆ ಒಣ ಕಾಲ. ಮಳೆ ಬರುವುದು ನವೆಂಬರ್ ಹೊತ್ತಿಗೆ. ಕಿಟ್ವೆ ಊರಾಚೆಯ ಮಿಯೊಂಬೊ ಎನ್ನುವ, ಮರಗಳ ನಡುವೆ ಹುಲ್ಲು ಬೆಳೆಯುವ ಕಾಡಿನಲ್ಲಿ ಬೆಂಕಿ ಹಾದು ಹುಲ್ಲೆಲ್ಲ ಬೂದಿಯಾಗಿತ್ತು. ಮರಗಳ ತುದಿಯಲ್ಲಿ ಮಾತ್ರ ತಾಮ್ರದ ಬಣ್ಣದ ಚಿಗುರು. ಆ ಕರಿ ನೆಲದಿಂದ ಗೇಣುದ್ದದ ಕಡ್ಡಿಗಳು ಎದ್ದಿದ್ದವು, ತುದಿಯಲ್ಲಿ ಕಡುಗೆಂಪು ಹೂ. ಎಲೆ ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ. ಹೂವೂ ನಮ್ಮ ಹಿತ್ತಲಿನ ದಾಸವಾಳಕ್ಕಿಂತ ಎಷ್ಟೋ ಚಿಕ್ಕದು.

ಮಂಡಿಯೂರಿ ಕೂತು ನೋಡಿದೆ. ನಡುವಿನ ಕೊಳವೆಗೆ ಕೇಸರಗಳು ಅಂಟಿಕೊಂಡಿವೆ, ಅದರ ತುದಿಯಲ್ಲಿ ಐದು ಕವಲು. ಇದನ್ನು ಎಣಿಸಲೇಬೇಕು ಮಾರಾಯ. ಪವೋನಿಯಾ ಎನ್ನುವ ನೆಂಟ ಗಿಡಗಳಿಗೆ ಹತ್ತು ಕವಲು ಇರುತ್ತವೆ. ಸರಿ, ದಾಸವಾಳದ ಕುಲ ಖಾತ್ರಿಯಾಯಿತು. ಆದರೆ ಕೆಂಪು ಬಣ್ಣ ಒಂದನ್ನೇ ನಂಬಿ ಹೆಸರಿಡುವಂತಿಲ್ಲ. ಕೀನ್ಯಾ ಕಡೆಯ ಒಣ ಕುರುಚಲಿನಲ್ಲಿ ಬೆಳೆಯುವ ಹಿಬಿಸ್ಕಸ್ ಅಪೋನ್ಯೂರಸ್ ಎಂಬ ಇನ್ನೊಂದು ದಾಸವಾಳಕ್ಕೂ ಕೆಂಪು ಹೂವೇ.

ಕೊನೆಗೆ ಬುಡ ನೋಡಿದೆ. ಬೆರಳಿನಿಂದ ಬೂದಿ ಸರಿಸಿದರೆ ಒಳಗೆ ಗಟ್ಟಿ ಮರದಂಥ ಬೊಡ್ಡೆ! ನಾಲ್ಕೈದು ಕಡ್ಡಿಗಳೂ ಅದರಿಂದಲೇ ಹೊರಟಿದ್ದವು. ನಾನು ಸಸಿ ಎಂದುಕೊಂಡಿದ್ದೆ, ಅದು ಹಳೇ ಗಿಡ. ಬೆಂಕಿ ಮೇಲಿನದನ್ನಷ್ಟೇ ಸುಡುತ್ತದೆ, ಜೀವ ಮಣ್ಣೊಳಗೆ ಉಳಿದಿರುತ್ತದೆ. ಹುಲ್ಲು ಎದ್ದು ಮುಚ್ಚುವ ಮೊದಲೇ ಹೂ ಬಿಟ್ಟುಬಿಡುತ್ತದೆ. ಮಿಯೊಂಬೊ ಕಾಡು, ಸುಟ್ಟ ನೆಲ, ಗಿಡ್ಡ ಕಡ್ಡಿ, ದಪ್ಪ ಬೊಡ್ಡೆ, ಕೆಂಪು ಹೂ. ಇಷ್ಟೂ ಕೂಡಿದ ಮೇಲೆ ಹೆಸರು ಸಿಕ್ಕಿತು: ಹಿಬಿಸ್ಕಸ್ ರೋಡ್ಯಾಂಥಸ್. ಗ್ರೀಕ್‌ನಲ್ಲಿ ರೋಡಾನ್ ಎಂದರೆ ಗುಲಾಬಿ, ಆಂಥೋಸ್ ಎಂದರೆ ಹೂ.

ನಿಮ್ಮ ಮನೆ ಗೇಟಿನ ಹತ್ತಿರ ಜುಮುಕಿಯ ಹಾಗೆ ನೇತಾಡುವ, ಎಸಳು ಕತ್ತರಿಸಿಟ್ಟಂಥ ದಾಸವಾಳ ಇದೆಯಲ್ಲ, ಅದರ ತವರೂ ಆಫ್ರಿಕಾವೇ. ಕೀನ್ಯಾ, ಟಾಂಜಾನಿಯಾ ಕಡೆಯದು. ಅಮ್ಮನಿಗೆ ಹೇಳು, ಖುಷಿಪಡುತ್ತಾರೆ.

ಗಿಡ ಕೀಳಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿ ಬಂದಿದ್ದೇನೆ. ಕಾಯಿ ಬಲಿತ ಮೇಲೆ ಮತ್ತೆ ಫೋಟೋ ಕಳಿಸುತ್ತೇನೆ.

ನಿನ್ನ ಗೆಳೆಯ