ಎಲ್ಲಕ್ಕೂ ಸರ್ವರ್ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯರೇ,

ನಮ್ಮ ದೊಡ್ಡಮ್ಮನ ವಿಧವಾ ವೇತನದ ವಿಳಾಸ ತಿದ್ದಿಸಲು ಒಂದು ಕಚೇರಿಗೆ ನಾಲ್ಕು ಸಲ ಅಲೆದೆವು. ಮೊದಲ ಮೂರು ಸಲವೂ ಒಂದೇ ಉತ್ತರ. ‘ಸರ್ವರ್ ಡೌನ್ ಐತಮ್ಮ, ಸೋಮವಾರ ಬರ್ರಿ.’ ಮೂರನೇ ಸಲ ಆಟೋದಲ್ಲಿ ದೊಡ್ಡಮ್ಮ ಕೇಳಿದರು: ‘ಯಾರವ್ವಾ ಆ ಸರ್ವರು? ಯಾವಾಗ್ ಹೋದ್ರೂ ಮಲಗಿರ್ತಾನಲ್ಲ?’

ನಾನು ಸಾಫ್ಟ್‌ವೇರ್ ಟೆಸ್ಟರ್. ತಂತ್ರಾಂಶ ಜನರ ಕೈಗೆ ಹೋಗುವ ಮುಂಚೆ ಅದರ ತಪ್ಪು ಹುಡುಕುವುದು, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬೆಂಗಳೂರಿನಲ್ಲಿದ್ದೆ. ಕೊರೊನಾ ಹೊತ್ತಿನಲ್ಲಿ ಊರಿಗೆ ಬಂದವಳು ದಾವಣಗೆರೆ ನಿಟುವಳ್ಳಿಯ ಮನೆಯಿಂದಲೇ ದುಡಿಯುತ್ತಿದ್ದೇನೆ. ನಾಲ್ಕನೇ ಸಲ ಕೌಂಟರಿನ ಪಕ್ಕ ನಿಂತು ಪರದೆಯನ್ನೇ ನೋಡಿದೆ. ಪಕ್ಕದ ಕೌಂಟರಿನಲ್ಲಿ ಅದೇ ತಂತ್ರಾಂಶದಲ್ಲಿ ಇಬ್ಬರ ಕೆಲಸ ಮುಗಿದೇ ಹೋಯಿತು. ನಮ್ಮದು ಮಾತ್ರ ಗಿರಗಿರ ತಿರುಗುತ್ತಿತ್ತು. ಸರ್ವರ್ ಅಂದರೆ ಎಲ್ಲ ಕೌಂಟರಿಗೂ ಮಾಹಿತಿ ಕೊಡುವ ಕಂಪ್ಯೂಟರ್. ಅದು ಮಲಗಿದ್ದರೆ ಎಲ್ಲರಿಗೂ ಮಲಗಬೇಕಲ್ವಾ?

ಸಮಸ್ಯೆ ಇದ್ದದ್ದು ಹರಪನಹಳ್ಳಿಯಲ್ಲಿ. ದೊಡ್ಡಮ್ಮ ಹುಟ್ಟಿದ್ದು, ಬಾಳಿದ್ದು ಅಲ್ಲೇ. ಅವರು ಊರು ಬಿಟ್ಟು ಕದಲಲಿಲ್ಲ, ಜಿಲ್ಲೆಯೇ ಅವರನ್ನು ಬಿಟ್ಟು ಓಡಾಡಿತು. ಮೊದಲು ಬಳ್ಳಾರಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಇಲ್ಲಿಗೆ. ಆಮೇಲೆ ಮತ್ತೆ ಬಳ್ಳಾರಿಗೆ. 2021ರಲ್ಲಿ ವಿಜಯನಗರಕ್ಕೆ. ಅವರ ಹಳೆಯ ದಾಖಲೆಯಲ್ಲಿ ದಾವಣಗೆರೆ ಜಿಲ್ಲೆ ಅಂತಿದೆ. ತಂತ್ರಾಂಶ ಅದನ್ನೇ ಎಳೆದುಕೊಂಡು, ತಾಲ್ಲೂಕು ಆರಿಸಿ ಅನ್ನುತ್ತದೆ. ದಾವಣಗೆರೆಯ ಪಟ್ಟಿಯಲ್ಲಿ ಈಗ ಹರಪನಹಳ್ಳಿ ಇಲ್ಲ. ಸರಿ, ವಿಜಯನಗರ ಅಂತ ಹಾಕಿದರೆ ಹಳೆಯ ದಾಖಲೆಗೆ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಬಾಯಿಬಿಟ್ಟು ಹೇಳಬೇಕು ತಾನೇ? ಅದೂ ಇಲ್ಲ. ಸುಮ್ನೆ ಚಕ್ರ ತಿರುಗುತ್ತದೆ. ಪಾಪ, ಗುಮಾಸ್ತರು ಏನು ಅಂದುಕೊಳ್ಳಬೇಕು? ಸರ್ವರ್ ಡೌನ್.

ಅವರಿಗೆ ಇದನ್ನು ತೋರಿಸಿದೆ. ‘ಹಂಗಾದ್ರೆ ನೀವೇ ಸರಿ ಮಾಡಿಕೊಡ್ರಲ್ಲ ಮೇಡಂ’ ಅಂದರು. ಅದು ನನ್ನ ಕೈಲಿಲ್ಲ. ಅವರ ಕೈಲೂ ಇಲ್ಲ. ಯಾರ ಕೈಲಿದೆಯೋ ಅವರಿಗೆ ಹೇಳಲು ಆ ಕೌಂಟರಿನಿಂದ ದಾರಿಯೇ ಇರಲಿಲ್ಲ. ಮೇಲಿನವರಿಗೆ ಫೋನ್ ಮಾಡಿ, ಅವರು ಇನ್ಯಾರಿಗೋ ಮಾಡಿ, ಹನ್ನೆರಡು ದಿನ ಹಿಡಿಯಿತು.

ಇನ್ನೆಲ್ಲಿಂದಲೋ ತಂದ ಊರುಗಳ ಪಟ್ಟಿಯನ್ನು ಹಾಗೇ ಅಂಟಿಸಿದ್ದಾರೆ ಅಂತ ನನ್ನ ಅನುಮಾನ. ‘ಅಲ್ಲಿ ನಡೆದಿತ್ತಲ್ಲ, ಇಲ್ಲೂ ನಡೆಯುತ್ತದೆ’ ಅನ್ನುವ ಮಾತನ್ನು ನಮ್ಮ ಕೆಲಸದಲ್ಲಿ ದಿನಾ ಕೇಳುತ್ತೇವೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಚೂರಾಯಿತು. ಏರಿಯಾನ್ 4ರಲ್ಲಿ ಚೆನ್ನಾಗಿಯೇ ನಡೆದಿದ್ದ ಪ್ರೋಗ್ರಾಂ ಅದರಲ್ಲಿತ್ತು. ಅಡ್ಡ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 32,767 ದಾಟುವುದಿಲ್ಲ ಅನ್ನುವುದು ಹಳೆಯ ಲೆಕ್ಕ. ಹೊಸ ರಾಕೆಟ್ಟಿನ ವೇಗ ಜಾಸ್ತಿ, ದಾಟಿತು. ಅದಕ್ಕೆ ಇಟ್ಟಿದ್ದ ಜಾಗದಲ್ಲಿ ಹಿಡಿಸಲಿಲ್ಲ, ಪ್ರೋಗ್ರಾಂ ನಿಂತುಹೋಯಿತು. ಹೊಸ ರಾಕೆಟ್ಟಿನ ಅಂಕಿ ಹಾಕಿ ಮೊದಲೇ ಓಡಿಸಿ ನೋಡಿದ್ದರೆ ನೆಲದ ಮೇಲೇ ಗೊತ್ತಾಗುತ್ತಿತ್ತು.

ಟೆಸ್ಟಿಂಗ್ ಅಂದರೆ ಗುಂಡಿ ಒತ್ತಿ ನೋಡುವುದು ಅಂತ ಜನ ತಿಳಿದಿದ್ದಾರೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿದ್ದ ಕಾಲದಲ್ಲಿ ನಮ್ಮಜ್ಜ ಇಲ್ಲಿಯ ಹತ್ತಿ ಗಿರಣಿಯಲ್ಲಿ ಬಟ್ಟೆ ನೋಡುವ ಕೆಲಸದಲ್ಲಿದ್ದರು. ಬೆಳಕಿಗೆ ಹಿಡಿದು ಎಳೆ ತಪ್ಪಿದ ಕಡೆ ಗುರುತು ಹಾಕುವುದು. ನೇಯ್ದವನ ಕೈಗೆ ಆ ಕೆಲಸ ಕೊಡುತ್ತಿರಲಿಲ್ಲ. ತನ್ನ ಬಟ್ಟೆಯ ತೂತು ತನಗೆ ಕಾಣುವುದಿಲ್ಲ. ಮಗ್ಗದವರಿಗೆ ಅಜ್ಜನ ಮೇಲೆ ಸಿಟ್ಟಂತೆ, ಚಹಾಕ್ಕೆ ಕರೆಯುತ್ತಿರಲಿಲ್ಲವಂತೆ. ನನಗೂ ಪ್ರೋಗ್ರಾಂ ಬರೆಯುವ ಡೆವಲಪರುಗಳಿಗೂ ಅದೇ ನಂಟು! ಆದರೆ ಗಿರಣಿಯಲ್ಲಿ ಅಜ್ಜನಿಗೆ ಟೈಮ್ ಇತ್ತು. ನಮಗೆ ಆರು ತಿಂಗಳ ಕೆಲಸ ಕೊಡುವುದು ಕೊನೆಯ ನಾಲ್ಕು ದಿನ ಇದ್ದಾಗ. ಉದ್ಘಾಟನೆಯ ತಾರೀಖು ಮೊದಲೇ ಗೊತ್ತಾಗಿರುತ್ತದೆ, ಅದು ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ನಾನೇನೂ ಸಾಚಾ ಅಲ್ಲ. ಸಾಲದ ಕಂತಿನ ಒಂದು ಪ್ರೋಗ್ರಾಂಗೆ ಶುಕ್ರವಾರ ಸಂಜೆ ‘ಓಕೆ’ ಅಂದುಬಿಟ್ಟಿದ್ದೆ. ಅದು ತಾರೀಖಿಗೆ ಒಂದು ವರ್ಷ ಕೂಡಿಸುತ್ತಿತ್ತು. 2020ರ ಫೆಬ್ರವರಿ 29, ಶನಿವಾರ, ಬೆಳಿಗ್ಗೆಯೇ ಫೋನ್ ಬಂತು. 2021ರಲ್ಲಿ ಫೆಬ್ರವರಿ 29 ಎಲ್ಲಿದೆ? ಪ್ರೋಗ್ರಾಂ ಅಲ್ಲೇ ಕುಸಿದಿತ್ತು. ಅವತ್ತಿನಿಂದ ಯಾವ ತಾರೀಖು ಕಂಡರೂ ಮೊದಲು ಫೆಬ್ರವರಿ 29 ಹಾಕಿ ನೋಡುತ್ತೇನೆ. ವಯಸ್ಸು 60 ಅಂತಿದ್ದರೆ 59, 60, 61 ಮೂರನ್ನೂ. ಬಗ್‌ಗಳು (ಪ್ರೋಗ್ರಾಂನ ತಪ್ಪುಗಳು) ಗಡಿಯಲ್ಲೇ ಕೂತಿರುತ್ತವೆ.

ಕನ್ನಡಕ್ಕೆ ಬಂದರೆ ಪರೀಕ್ಷೆಯೇ ಬೇರೆ. ‘ಲೋಕೇಶಪ್ಪ’ ಅಂತ ಟೈಪ್ ಮಾಡಿ. ‘ಲೋ’ದ ಓತ್ವವನ್ನು ಕಂಪ್ಯೂಟರ್ ಒಂದೇ ಸಂಕೇತವಾಗಿಯೂ ಇಟ್ಟುಕೊಳ್ಳಬಹುದು, ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗಿಯೂ ಇಟ್ಟುಕೊಳ್ಳಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸದಿದ್ದರೆ ಯಂತ್ರಕ್ಕೆ ಅವರು ಇಬ್ಬರು ಲೋಕೇಶಪ್ಪಂದಿರು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತ ಈಗಿನ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬರುವಾಗ ಆಗುವ ಗಲಿಬಿಲಿ ಇನ್ನೊಂದು ಕಥೆ. ಇಂಗ್ಲಿಷಿನ ‘ಟೆಸ್ಟ್ ಯೂಸರ್ ಒನ್’ ಅಂತ ಹೆಸರು ಹಾಕಿ ನೋಡಿದರೆ ಇದು ಯಾವುದೂ ಸಿಗುವುದಿಲ್ಲ.

ಸರ್ಕಾರಕ್ಕೆ ತಂತ್ರಾಂಶ ಕೊಳ್ಳುವವರಲ್ಲಿ ನನ್ನದೊಂದು ಬೇಡಿಕೆ. ರಾಜ್ಯಕ್ಕೆಲ್ಲ ಬಿಡುವ ಮುಂಚೆ ಜಗಳೂರಿನದೋ ಮೊಳಕಾಲ್ಮುರಿನದೋ ಒಂದು ಕೌಂಟರಿನಲ್ಲಿ ಹದಿನೈದು ದಿನ ಓಡಿಸಿ. ಬರೆದವರು ಬೇಡ, ಆ ಗುಮಾಸ್ತರೇ ಕೂರಲಿ. ನಮ್ಮ ದೊಡ್ಡಮ್ಮನಂಥವರ ನಿಜವಾದ, ಹರಿದ, ಮೂರು ಜಿಲ್ಲೆ ತಿರುಗಿದ ಕಾಗದ ಬರಲಿ. ಆ ದಿನಗಳನ್ನು ಟೆಂಡರಿನಲ್ಲೇ ಬರೆಯಿರಿ, ಇಲ್ಲದಿದ್ದರೆ ಯಾರೂ ಕೊಡುವುದಿಲ್ಲ. ತಪ್ಪಾದಾಗ ಏನು ತಪ್ಪಾಯಿತು ಅಂತ ಪರದೆಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರಲಿ, ಗುಮಾಸ್ತರು ಅದನ್ನು ಕಳಿಸಲು ಒಂದು ಗುಂಡಿ ಇರಲಿ.

ದೊಡ್ಡಮ್ಮನ ಆದೇಶ ಮೊನ್ನೆ ಕೈಗೆ ಬಂತು. ಪ್ರಿಂಟಿನಲ್ಲಿ ಊರಿನ ಹೆಸರಿನ ಒತ್ತು ಕಳಚಿ ‘ಹರಪನಹಳ್‌ಳಿ’ ಅಂತಾಗಿದೆ. ಬ್ಯಾಂಕಿನವರು ತಕರಾರು ತೆಗೆದರು. ತಿದ್ದಿಸೋಣ ಅಂತ ನಿನ್ನೆ ಹೋದರೆ ಸರ್ವರ್ ಡೌನ್. ಈ ಸಲ ನಿಜವಾಗಿಯೂ ಡೌನೇ, ನಾನೇ ನೋಡಿದೆ. ಶುಕ್ರವಾರ ಬರಬೇಕಂತೆ.

–ಒಬ್ಬ ಟೆಸ್ಟರ್, ನಿಟುವಳ್ಳಿ, ದಾವಣಗೆರೆ